262 ಮಂದಿಯ ಲೆಕ್ಕ: ಮಿನೆಸೋಟದ ಮೊದಲ ರೆಜಿಮೆಂಟಿನ ಚರಿತ್ರೆಗೆ ನಾನು ಬಳಸಿ ನೋಡಿದ ಆಕರಗಳ ಹೋಲಿಕೆ

ಪೆನ್ಸಿಲ್ವೇನಿಯದ ಗೆಟ್ಟಿಸ್‌ಬರ್ಗ್ ರಣಭೂಮಿಯಲ್ಲಿ, ಬಂದೂಕಿನ ತುದಿಗೆ ಬಾಕು ಸಿಕ್ಕಿಸಿಕೊಂಡು ಓಡುತ್ತಿರುವ ಸೈನಿಕನ ಪ್ರತಿಮೆಯೊಂದಿದೆ. ಅಮೆರಿಕದ ಅಂತರ್ಯುದ್ಧದಲ್ಲಿ ಹೋರಾಡಿದ ಮಿನೆಸೋಟದ ಮೊದಲ ಸ್ವಯಂಸೇವಕ ಪದಾತಿ ರೆಜಿಮೆಂಟಿನ ಸ್ಮಾರಕವದು. 1897ರಲ್ಲಿ ಅದನ್ನು ಅನಾವರಣ ಮಾಡಿದರು. ನಮ್ಮ ಊರುಗಳ ವೀರಗಲ್ಲಿನಂತೆ ಅದರ ಮೇಲೂ ಬರಹವಿದೆ. 1863ರ ಜುಲೈ 2ರಂದು ರೆಜಿಮೆಂಟಿನ ಎಂಟು ಕಂಪನಿಗಳ, ಅಂದರೆ ತುಕಡಿಗಳ, 262 ಮಂದಿ ಶತ್ರುವಿನ ಮೇಲೆ ನುಗ್ಗಿದರು, ಅವರಲ್ಲಿ 215 ಮಂದಿ ಸತ್ತರು ಇಲ್ಲವೇ ಗಾಯಗೊಂಡರು, ಈ ನಷ್ಟ ಶೇಕಡ 83ಕ್ಕಿಂತ ಹೆಚ್ಚು, ಕೊನೆಗೆ ಸಾಲಿನಲ್ಲಿ ನಿಂತಿದ್ದವರು 47 ಮಂದಿ ಎಂದು ಅದು ಹೇಳುತ್ತದೆ. ಆದರೆ 262ರಲ್ಲಿ 215 ಎಂದರೆ ಶೇಕಡ 82 ಮಾತ್ರ. ಕಲ್ಲಿನಲ್ಲಿ ಕೊರೆದ ಲೆಕ್ಕದಲ್ಲೇ ಒಂದಂಶ ಹೆಚ್ಚಿರುವುದನ್ನು ಕಂಡಾಗ, ಈ ಅಂಕಿಗಳನ್ನು ಮೊದಲು ಯಾರು, ಯಾವಾಗ, ಏನನ್ನು ನೋಡಿ ಬರೆದರು ಎಂಬ ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ಸೇಂಟ್ ಪಾಲ್ ನಗರದಲ್ಲಿ ನೆಲೆಸಿರುವ ನಾನು ಎರಡು ವರ್ಷಗಳ ಕಾಲ ಬಿಡುವಾದಾಗಲೆಲ್ಲ ಈ ಒಂದೇ ಪ್ರಶ್ನೆಯನ್ನು ಬೇರೆಬೇರೆ ಆಕರಗಳ ಮುಂದಿಟ್ಟು ನೋಡಿದೆ. ಯಾವುದು ಎಲ್ಲಿಯವರೆಗೆ ಕೈಹಿಡಿಯಿತು, ಎಲ್ಲಿ ಕೈಬಿಟ್ಟಿತು ಎಂಬುದನ್ನು ಇಲ್ಲಿ ಹೋಲಿಸಿದ್ದೇನೆ.

ಮೊದಲು ರೆಜಿಮೆಂಟಿನ ಪರಿಚಯ ಅಗತ್ಯ. 1861ರ ಏಪ್ರಿಲ್‌ನಲ್ಲಿ ದಕ್ಷಿಣದ ರಾಜ್ಯಗಳ ದಾಳಿಗೆ ಸಮ್‌ಟರ್ ಕೋಟೆ ಬಿದ್ದು ಯುದ್ಧ ಶುರುವಾದಾಗ ಮಿನೆಸೋಟದ ಗವರ್ನರ್ ಅಲೆಕ್ಸಾಂಡರ್ ರಾಮ್ಸೆ ವಾಷಿಂಗ್ಟನ್ನಿನಲ್ಲೇ ಇದ್ದರು. ಅವರು ಯುದ್ಧ ಕಾರ್ಯದರ್ಶಿ ಸೈಮನ್ ಕ್ಯಾಮರನ್ ಅವರನ್ನು ಕಂಡು ಸಾವಿರ ಮಂದಿಯನ್ನು ಕೊಡುವುದಾಗಿ ಹೇಳಿದರು. ಹಾಗೆ ಮುಂದೆ ಬಂದ ಮೊದಲ ರಾಜ್ಯ ಮಿನೆಸೋಟ. ಏಪ್ರಿಲ್ 29ರಂದು ಸ್ನೆಲಿಂಗ್ ಕೋಟೆಯಲ್ಲಿ ರೆಜಿಮೆಂಟ್ ಸೇವೆಗೆ ಸೇರಿತು. ಕಂಪನಿಗಳು ಊರುಗಳ ಲೆಕ್ಕದಲ್ಲಿ ಕಟ್ಟಿದವು: ಬಿ ಕಂಪನಿ ಸ್ಟಿಲ್‌ವಾಟರ್‌ನದು, ಎಫ್ ಕಂಪನಿ ರೆಡ್ ವಿಂಗ್‌ನದು, ಕೆ ಕಂಪನಿ ವಿನೋನದ್ದು. ಮೊದಲು ಮೂರು ತಿಂಗಳಿಗೆಂದು ಸೇರಿದವರನ್ನು ಕೆಲವೇ ವಾರಗಳಲ್ಲಿ ಮೂರು ವರ್ಷದ ಕರಾರಿಗೆ ಬದಲಾಯಿಸಲಾಯಿತು. ಒಪ್ಪದವರು ಮನೆಗೆ ಮರಳಿದರು. 1864ರ ವಸಂತದಲ್ಲಿ ಅವಧಿ ಮುಗಿದ ಮೇಲೆ ಮತ್ತೆ ಸೇರಿದವರನ್ನು ಮಿನೆಸೋಟದ ಮೊದಲ ಬೆಟಾಲಿಯನ್ ಎಂಬ ಬೇರೆ ಹೆಸರಿನ ಅಡಿಯಲ್ಲಿ ದಾಖಲಿಸಲಾಯಿತು. ಈ ಎರಡು ತಿರುವುಗಳನ್ನು ಮರೆತು ಹುಡುಕಿದರೆ ಒಬ್ಬನೇ ಮನುಷ್ಯ ಇಬ್ಬರಾಗುತ್ತಾನೆ, ಇಲ್ಲವೇ ನಡುವೆ ಕಾಣೆಯಾಗುತ್ತಾನೆ. ನನ್ನ ಮೊದಲ ಮೂರು ತಿಂಗಳ ಟಿಪ್ಪಣಿಗಳಲ್ಲಿ ಇಂಥ ತಪ್ಪುಗಳು ಹಲವು ಉಳಿದಿದ್ದವು.

ಹೆಚ್ಚಿನವರು ಶುರುಮಾಡುವುದು ಮುದ್ರಿತ ಗ್ರಂಥದಿಂದ. ನಾನೂ ಹಾಗೆಯೇ ಮಾಡಿದೆ. ಮಿನೆಸೋಟ ಸರ್ಕಾರ ಅಂತರ್ಯುದ್ಧ ಮತ್ತು ಇಂಡಿಯನ್ ಯುದ್ಧಗಳಲ್ಲಿ ರಾಜ್ಯದ ಪಾತ್ರವನ್ನು ಕುರಿತು 1890ರಲ್ಲಿ ಹೊರತಂದ ಗ್ರಂಥದಲ್ಲಿ ಈ ರೆಜಿಮೆಂಟಿನ ಕಥನವನ್ನು ಬರೆದವರು, ಕೆ ಕಂಪನಿಯಲ್ಲಿದ್ದು ಮುಂದೆ ನ್ಯಾಯಾಧೀಶರಾದ ವಿಲಿಯಂ ಲಾಕ್ರೆನ್. ಕಥನದ ಜೊತೆಗೆ ಕಂಪನಿವಾರು ನಾಮಾವಳಿಯೂ ಇದೆ: ಹೆಸರು, ವಯಸ್ಸು, ಸೇರಿದ ದಿನ, ಬಿಡುಗಡೆಯಾದ ದಿನ, ಷರಾ. ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಸಿಗುತ್ತದೆ, ಒಂದು ಸಂಜೆಯಲ್ಲಿ ಇಡೀ ರೆಜಿಮೆಂಟಿನ ಚೌಕಟ್ಟು ಕಣ್ಣಿಗೆ ಕಟ್ಟುತ್ತದೆ. ಆದರೆ ಇದು ಘಟನೆಯಾದ 27 ವರ್ಷಗಳ ಮೇಲೆ ಬರೆದದ್ದು. 262 ಮತ್ತು 215 ಎಂಬ ಅಂಕಿಗಳು ಇದರಲ್ಲಿವೆ. ಇದಕ್ಕಿಂತ ಒಂದು ವರ್ಷ ಮೊದಲು, 1889ರಲ್ಲಿ, ವಿಲಿಯಂ ಫಾಕ್ಸ್ ಪ್ರಕಟಿಸಿದ ರೆಜಿಮೆಂಟುಗಳ ಪ್ರಾಣಹಾನಿಯ ಕೋಷ್ಟಕಗಳಲ್ಲೂ 262ರಲ್ಲಿ ಶೇಕಡ 82 ಎಂದಿದೆ. ಎರಡು ಗ್ರಂಥಗಳು ಒಂದೇ ಮಾತು ಹೇಳುತ್ತವೆ ಎಂದು ನಾನು ಆರಂಭದಲ್ಲಿ ಸಮಾಧಾನಪಟ್ಟಿದ್ದೆ. ಅದು ತಪ್ಪು ಸಮಾಧಾನ. ಒಂದೇ ಬಾವಿಯಿಂದ ಎರಡು ಕೊಡ ನೀರು ಸೇದಿದರೆ ಎರಡು ಬಾವಿಗಳಾಗುವುದಿಲ್ಲ. ಇಬ್ಬರಿಗೂ ಅಂಕಿ ಎಲ್ಲಿಂದ ಬಂತು ಎಂಬುದು ಖಚಿತವಾಗುವವರೆಗೆ ಅವರನ್ನು ಇಬ್ಬರು ಸಾಕ್ಷಿಗಳೆಂದು ಎಣಿಸಲಾಗದು.

ಇದರ ಎದುರು ನಾನು ಇಟ್ಟದ್ದು ಸಾಮಾನ್ಯವಾಗಿ ‘ಅಧಿಕೃತ ದಾಖಲೆಗಳು’ ಎಂದು ಕರೆಯುವ ಸಂಪುಟಮಾಲೆಯನ್ನು. ಅಮೆರಿಕದ ಯುದ್ಧ ಇಲಾಖೆ 1880ರಿಂದ 1901ರವರೆಗೆ 128 ಪುಸ್ತಕಗಳಲ್ಲಿ ಎರಡೂ ಪಕ್ಷಗಳ ಸೇನಾ ವರದಿಗಳನ್ನೂ ಪತ್ರಗಳನ್ನೂ ಅಚ್ಚು ಹಾಕಿಸಿತು. ಗೆಟ್ಟಿಸ್‌ಬರ್ಗ್‌ಗೆ ಬೇಕಾದದ್ದು ಮೊದಲ ಸರಣಿಯ 27ನೆಯ ಸಂಪುಟದ ಮೊದಲ ಭಾಗ. ಇಲ್ಲಿರುವ ರೆಜಿಮೆಂಟಿನ ವರದಿಯನ್ನು ಬರೆದವರು ಕ್ಯಾಪ್ಟನ್ ಹೆನ್ರಿ ಕೋಟ್ಸ್, ಯುದ್ಧವಾದ ಒಂದು ತಿಂಗಳ ಮೇಲೆ. ಕ್ಯಾಪ್ಟನ್ ಒಬ್ಬರು ರೆಜಿಮೆಂಟಿನ ವರದಿ ಬರೆದದ್ದೇ ಒಂದು ಸಾಕ್ಷ್ಯ: ಕರ್ನಲ್ ವಿಲಿಯಂ ಕೊಲ್ವಿಲ್, ಲೆಫ್ಟಿನೆಂಟ್ ಕರ್ನಲ್, ಮೇಜರ್ ಮೂವರೂ ಜುಲೈ 2ರಂದು ಗಾಯಗೊಂಡು ಬಿದ್ದರು, ಅವರ ಸ್ಥಾನಕ್ಕೆ ಬಂದ ಕ್ಯಾಪ್ಟನ್ ನೇಥನ್ ಮೆಸಿಕ್ ಮರುದಿನ ಮಡಿದರು. ಹೀಗಾಗಿ ವರದಿ ಬರೆದವರು ಆ ಸಂಜೆ ಇಡೀ ರೆಜಿಮೆಂಟನ್ನು ನಡೆಸಿದವರಲ್ಲ ಎಂಬುದನ್ನು ಓದುವಾಗ ನೆನಪಿನಲ್ಲಿಡಬೇಕು.

ಅದೇ ಸಂಪುಟದ ನಷ್ಟದ ಪಟ್ಟಿಯಲ್ಲಿ ಈ ರೆಜಿಮೆಂಟಿಗೆ 50 ಸಾವು, 173 ಗಾಯ, ಒಬ್ಬ ಕಾಣೆ, ಒಟ್ಟು 224 ಎಂದಿದೆ. ಇದು ಇಡೀ ಕದನದ ಲೆಕ್ಕ; ಜುಲೈ 2ರ ಎಂಟು ಕಂಪನಿಗಳದ್ದು ಮಾತ್ರವಲ್ಲ. ಜುಲೈ 2ರ ಮುನ್ನುಗ್ಗುವಿಕೆಯೊಂದರಲ್ಲೇ 215 ಮಂದಿ ಹೋದರೆ, ಉಳಿಯುವುದು 9. ಆದರೆ ಜುಲೈ 3ರಂದು ಶತ್ರುಪಕ್ಷದ ಸೇನಾನಿ ಪಿಕೆಟ್‌ನ ದಾಳಿಯನ್ನು ತಡೆದ ಸಾಲಿನಲ್ಲಿ ಈ ರೆಜಿಮೆಂಟ್ ಮತ್ತೆ ಕಾದಿತು, ಹಿಂದಿನ ದಿನ ಬೇರೆಡೆ ಇದ್ದ ಎಫ್ ಕಂಪನಿ ಕೂಡ ಬಂದು ಸೇರಿತ್ತು, ಮೆಸಿಕ್ ಅವರು ಸತ್ತದ್ದೂ ಅಂದೇ. ಆ ದಿನದ ಕಾದಾಟಕ್ಕೆ ಒಟ್ಟು ಒಂಬತ್ತೇ ಮಂದಿ ಎಂಬುದನ್ನು ನಂಬುವುದು ನನಗೆ ಕಷ್ಟವಾಯಿತು. ಎರಡು ದಿನಗಳ ನಷ್ಟದ ಒಂದು ಪಾಲು ಒಂದೇ ಸಂಜೆಯ ಲೆಕ್ಕಕ್ಕೆ ಸೇರಿಹೋಗಿರಬೇಕು ಎಂಬ ಅನುಮಾನ ಇಲ್ಲಿಂದ ಹುಟ್ಟಿತು. 1890ರ ಗ್ರಂಥವನ್ನು ಮಾತ್ರ ಓದಿದ್ದರೆ ಈ ಅನುಮಾನ ಬರುತ್ತಲೇ ಇರಲಿಲ್ಲ. ಅಂಕಿಯ ವಿಷಯದಲ್ಲಿ, ಅಧಿಕೃತ ದಾಖಲೆಗಳಿಗೇ ನನ್ನ ಒಲವು. ಆದರೆ ಅದರಲ್ಲಿ ಅಧಿಕಾರಿಗಳಲ್ಲದವರ ಹೆಸರು ಕಾಣುವುದು ಅಪರೂಪ. ಸಂಖ್ಯೆ ಸಿಗುತ್ತದೆ, ಮನುಷ್ಯ ಸಿಗುವುದಿಲ್ಲ. ಹೆಸರಿಲ್ಲದ ಸಂಖ್ಯೆಯನ್ನು ಪರಿಶೀಲಿಸುವ ದಾರಿಯೂ ಇಲ್ಲ.

ಹೆಸರುಗಳಿಗಾಗಿ ಹೋಗಬೇಕಾದದ್ದು ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿರುವ ಸೈನಿಕರ ಸೇವಾ ದಾಖಲೆಗಳಿಗೆ. ಪ್ರತಿ ಸೈನಿಕನಿಗೂ ಒಂದು ಲಕೋಟೆ, ಅದರೊಳಗೆ ಸಣ್ಣ ಸಣ್ಣ ಕಾರ್ಡುಗಳು. ಇವೂ ಯುದ್ಧಕಾಲದಲ್ಲಿ ಬರೆದವಲ್ಲ. ಪಿಂಚಣಿ ಅರ್ಜಿಗಳನ್ನು ಬೇಗ ಪರಿಶೀಲಿಸಬೇಕಾದ ಒತ್ತಡ ಬಂದಾಗ, ಸೇನಾ ವೈದ್ಯ ಫ್ರೆಡ್ ಐನ್ಸ್‌ವರ್ತ್ ಅವರ ಮೇಲ್ವಿಚಾರಣೆಯಲ್ಲಿ ಗುಮಾಸ್ತರು ಹಳೆಯ ಹಾಜರಿ ಪಟ್ಟಿಗಳಿಂದ ಒಬ್ಬೊಬ್ಬ ಸೈನಿಕನ ಸಾಲನ್ನು ಎತ್ತಿ ಕಾರ್ಡಿಗೆ ಇಳಿಸಿದರು. ಅಂದರೆ ಇವು ನಕಲು, ಆದರೆ ಒಂದು ಕಥೆ ಹೇಳುವ ಉದ್ದೇಶವಿಲ್ಲದೆ ಮಾಡಿದ ನಕಲು. ಮೂಲ ಹಾಜರಿ ಪಟ್ಟಿಗಳು ಸಂಬಳಕ್ಕಾಗಿ ಮಾಡಿದಂಥವು. ಎರಡು ತಿಂಗಳಿಗೊಮ್ಮೆ, ತಿಂಗಳ ಕೊನೆಯ ದಿನ ಬರೆಯುತ್ತಿದ್ದರು. ಹಣದ ಲೆಕ್ಕವಾದ್ದರಿಂದ ಅವುಗಳಲ್ಲಿ ಉತ್ಪ್ರೇಕ್ಷೆಗೆ ಜಾಗ ಕಡಿಮೆ.

ನನ್ನ ಪ್ರಶ್ನೆಗೆ ಇದರಿಂದ ಒದಗಿದ ದೊಡ್ಡ ಉಪಕಾರವೆಂದರೆ, ಹಾಜರಿಯ ದಿನ 1863ರ ಜೂನ್ 30 ಆಗಿತ್ತು. ಮುನ್ನುಗ್ಗುವಿಕೆಗೆ ಎರಡೇ ದಿನ ಮೊದಲು. ಆ ದಿನ ಯಾರು ಹಾಜರಿದ್ದರು, ಯಾರು ಆಸ್ಪತ್ರೆಯಲ್ಲಿದ್ದರು, ಯಾರನ್ನು ಗಾಡಿ ಹೊಡೆಯಲು, ಫಿರಂಗಿ ದಳಕ್ಕೆ, ಬೇರೆ ಕೆಲಸಕ್ಕೆ ಕಳಿಸಲಾಗಿತ್ತು ಎಂಬುದು ಕಾರ್ಡಿನಲ್ಲಿದೆ. 1890ರ ನಾಮಾವಳಿಯಲ್ಲಿ ಕೆ ಕಂಪನಿಯಲ್ಲಿದ್ದನೆಂದು ನಾನು ಎಣಿಸಿಟ್ಟಿದ್ದ ಒಬ್ಬ ಸೈನಿಕ, ಕಾರ್ಡಿನ ಪ್ರಕಾರ ಆ ಹೊತ್ತಿಗೆ ತಿಂಗಳುಗಳಿಂದ ಆಸ್ಪತ್ರೆಯಲ್ಲಿದ್ದ. ನಾಮಾವಳಿ ಅವನು ಸೇರಿದ ದಿನವನ್ನೂ ಬಿಟ್ಟ ದಿನವನ್ನೂ ಸರಿಯಾಗಿಯೇ ಹೇಳಿತ್ತು, ನಡುವಿನದನ್ನು ಹೇಳಿರಲಿಲ್ಲ. ಇದೇ ಇವೆರಡರ ನಡುವಿನ ಮುಖ್ಯ ವ್ಯತ್ಯಾಸ: ನಾಮಾವಳಿ ಸೈನಿಕನ ಸೇವೆಯ ಎರಡು ತುದಿಗಳನ್ನು ತೋರಿಸುತ್ತದೆ, ಕಾರ್ಡು ಎರಡೆರಡು ತಿಂಗಳಿಗೊಮ್ಮೆ ಅವನ ಮೇಲೆ ಬೆಳಕು ಬೀಳಿಸುತ್ತದೆ. ಜೊತೆಗೆ ವಿವರಣಾ ಪುಸ್ತಕದಿಂದ ಎತ್ತಿದ ಕಾರ್ಡಿನಲ್ಲಿ ಎತ್ತರ, ಕಣ್ಣಿನ ಬಣ್ಣ, ಹುಟ್ಟಿದ ಊರು, ಕಸುಬು ಇರುತ್ತವೆ. ಒಂದೇ ಹೆಸರಿನ ಇಬ್ಬರನ್ನು ಬೇರ್ಪಡಿಸಲು ಇದಕ್ಕಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ. ಕೊರತೆಯೂ ಇದೆ. ಜೂನ್ 30ಕ್ಕೆ ಹಾಜರಿದ್ದವನು ಜುಲೈ 2ರ ಸಂಜೆ ಸಾಲಿನಲ್ಲಿದ್ದನೆಂದು ಕಾರ್ಡು ಖಾತರಿ ಕೊಡುವುದಿಲ್ಲ. ಮುಂದಿನ ಹಾಜರಿ ಆಗಸ್ಟ್ 31ರದು.

ಪಿಂಚಣಿ ಕಡತಗಳನ್ನು ಸೇವಾ ದಾಖಲೆಗಳ ಪಕ್ಕದಲ್ಲಿಟ್ಟು ಓದಿದಾಗ ನನಗೆ ಒಬ್ಬ ಮನುಷ್ಯನ ಇಡೀ ಬದುಕು ಎದುರಿಗೆ ಬಂದು ಕೂತಂತಾಯಿತು. 1862ರ ಜುಲೈ 14ರ ಕಾಯಿದೆ ಯುದ್ಧದಲ್ಲಿ ಊನಗೊಂಡವರಿಗೂ ಮಡಿದವರ ವಿಧವೆ, ಮಕ್ಕಳು, ಅವಲಂಬಿತ ತಾಯಂದಿರಿಗೂ ಪಿಂಚಣಿ ಕೊಟ್ಟಿತು. 1890ರ ಕಾಯಿದೆ ಊನಕ್ಕೆ ಯುದ್ಧವೇ ಕಾರಣವಾಗಿರಬೇಕೆಂಬ ಷರತ್ತನ್ನು ಕೈಬಿಟ್ಟಿತು. ಹಾಗಾಗಿ ಒಂದೊಂದು ಕಡತದಲ್ಲಿ ವೈದ್ಯರ ತಪಾಸಣೆ, ಮದುವೆಯ ಪ್ರಮಾಣಪತ್ರ, ಮನೆಯ ಬೈಬಲ್ಲಿನಿಂದ ಕಿತ್ತ ಹಾಳೆ, ಜೊತೆಗಾರ ಸೈನಿಕರ ಪ್ರಮಾಣಪತ್ರ ಎಲ್ಲವೂ ಸೇರಿಕೊಂಡಿವೆ. ಗುಂಡು ಎಲ್ಲಿ ತಗುಲಿತು, ಯಾರು ಹೊತ್ತು ತಂದರು ಎಂಬುದನ್ನು ಪಕ್ಕದಲ್ಲಿದ್ದವನೇ ಹೇಳುತ್ತಾನೆ. ಅರ್ಜಿಯಲ್ಲಿ ಕಂಪನಿಯ ಅಕ್ಷರವನ್ನು ಬರೆಯದೆ ಕಳಿಸಿದ ನನ್ನದೇ ತಪ್ಪಿನಿಂದ ಒಮ್ಮೆ ಅದೇ ಹೆಸರಿನ ಬೇರೊಬ್ಬನ ಕಡತದ ಪ್ರತಿ ಬಂತು, ಕಾಯುವ ಕಾಲವೂ ಹಣವೂ ಎರಡರಷ್ಟಾದವು. ಆದ್ದರಿಂದ ಸೇವಾ ದಾಖಲೆ ಕೈಗೆ ಬರುವ ಮೊದಲು ಪಿಂಚಣಿ ಕಡತಕ್ಕೆ ಬರೆಯಬೇಡಿ ಎಂದು ಒತ್ತಿ ಹೇಳುತ್ತೇನೆ.

ಆದರೆ ಕದನದ ಅಂಕಿಗಳಿಗೆ ಪಿಂಚಣಿ ಕಡತ ದುರ್ಬಲ ಆಕರ. ಪ್ರಮಾಣಪತ್ರ ಬರೆದವನಿಗೆ ತನ್ನ ಗೆಳೆಯನಿಗೋ ಗೆಳೆಯನ ಹೆಂಡತಿಗೋ ಹಣ ಸಿಗಲಿ ಎಂಬ ಆಸೆ ಇರುತ್ತದೆ, ಅದು ಸಹಜ. ನೆನಪೂ 30 ವರ್ಷ ಹಳೆಯದು. ಅರ್ಜಿ ಹಾಕದವನಿಗೆ ಕಡತವೇ ಇಲ್ಲ. ಇಲ್ಲೊಂದು ಸಂಗತಿ ನನಗೆ ಬಹಳ ಅರ್ಥವತ್ತಾಗಿ ಕಂಡಿತು: ರೆಜಿಮೆಂಟಿನ ಕಥನ ಬರೆದ ಲಾಕ್ರೆನ್ ಅವರೇ 1893ರಿಂದ 1896ರವರೆಗೆ ಇಡೀ ದೇಶದ ಪಿಂಚಣಿ ಕಮಿಷನರ್ ಆಗಿದ್ದರು. ಯೋಧನೊಬ್ಬನ ನೆನಪನ್ನು ಎಷ್ಟು ನಂಬಬೇಕು ಎಂಬ ಪ್ರಶ್ನೆಯನ್ನು ಅವರು ಬರಹಗಾರರಾಗಿಯೂ ಅಧಿಕಾರಿಯಾಗಿಯೂ ಎದುರಿಸಿದ್ದಾರೆ.

ರಾಷ್ಟ್ರೀಯ ಉದ್ಯಾನ ಸೇವೆಯ ಸೈನಿಕರ ಜಾಲಸೂಚಿಯನ್ನು ಎರಡೇ ಮಾತಿನಲ್ಲಿ ಮುಗಿಸಬಹುದು. ಹೆಸರು ಕೊಟ್ಟರೆ ರೆಜಿಮೆಂಟನ್ನು ತೋರಿಸುತ್ತದೆ, ಪುಕ್ಕಟೆ, ಬೇಗ. ಆದರೆ ಒಬ್ಬನೇ ಸೈನಿಕ ಎರಡು ಮೂರು ಕಾಗುಣಿತಗಳಲ್ಲಿ ಬೇರೆಬೇರೆಯಾಗಿ ಬರುವುದರಿಂದ ಅದನ್ನು ಎಣಿಕೆಗೆ ಬಳಸಬಾರದು. ಅಂದಿನ ಪತ್ರಿಕೆಗಳೂ ಹೆಸರಿನ ಕಾಗುಣಿತದಲ್ಲಿ ಇದೇ ರೀತಿ ಮೋಸ ಮಾಡುತ್ತವೆ. ಆದರೆ ಸೈನಿಕರು ಊರಿನ ಪತ್ರಿಕೆಗೆ ಬರೆದ ಕಾಗದಗಳು ವಾರಗಳೊಳಗಿನವು, ಆ ಕಾರಣಕ್ಕೆ 1890ರ ಗ್ರಂಥಕ್ಕಿಂತ ಅವನ್ನು ಮೇಲಿಡುತ್ತೇನೆ. ಕರ್ನಲ್ ಕೊಲ್ವಿಲ್ ಅವರೇ ಯುದ್ಧಕ್ಕೆ ಮುಂಚೆ ರೆಡ್ ವಿಂಗ್‌ನಲ್ಲಿ ಪತ್ರಿಕೆ ನಡೆಸಿದವರು. ರೆಜಿಮೆಂಟಿನಲ್ಲಿ ಅಚ್ಚಿನ ಮೊಳೆ ಜೋಡಿಸಬಲ್ಲವರೂ ಇದ್ದರು. 1862ರ ಮಾರ್ಚಿನಲ್ಲಿ ವರ್ಜೀನಿಯದ ಬೆರಿವಿಲ್ ಊರಿನ ಅಚ್ಚುಕೂಟ ಕೈಗೆ ಸಿಕ್ಕಾಗ ತಮ್ಮದೇ ಪತ್ರಿಕೆಯೊಂದನ್ನು ಅಚ್ಚು ಹಾಕಿದರು.

ಉಳಿದದ್ದು ದಿನಚರಿಗಳು. ಸೇಂಟ್ ಪಾಲ್‌ನಲ್ಲಿರುವ ಮಿನೆಸೋಟ ಹಿಸ್ಟಾರಿಕಲ್ ಸೊಸೈಟಿಯ ಗ್ರಂಥಾಲಯದಲ್ಲಿ ಈ ರೆಜಿಮೆಂಟಿನವರ ಕಾಗದಪತ್ರಗಳು ದೊಡ್ಡ ಪ್ರಮಾಣದಲ್ಲಿವೆ; ವಿನೋನದ ಮ್ಯಾಥ್ಯೂ ಮಾರ್ವಿನ್ ಅವರ ದಿನಚರಿಯೂ ಅಲ್ಲಿದೆ. ದಿನಚರಿ ಬರೆದವನಿಗೆ ತನ್ನ ಎಡಬಲದ ಹತ್ತಾರು ಮಂದಿ ಕಾಣುತ್ತಾರೆ, ರೆಜಿಮೆಂಟ್ ಕಾಣುವುದಿಲ್ಲ. ಒಟ್ಟು ಸಂಖ್ಯೆ ಬೇಕಾದವರಿಗೆ ಇದು ನಿರಾಸೆ ತರುತ್ತದೆ. ಆದರೆ ಕಾರ್ಡು ಎಲ್ಲಿ ನಿಲ್ಲುತ್ತದೋ ದಿನಚರಿ ಅಲ್ಲಿಂದಲೇ ಮಾತಾಡತೊಡಗುತ್ತದೆ: ಜೂನ್ 30ರ ಹಾಜರಿಗೂ ಆಗಸ್ಟ್ 31ರ ಹಾಜರಿಗೂ ನಡುವೆ, ದಿನದಿಂದ ದಿನಕ್ಕೆ, ಯಾರು ಜೊತೆಗಿದ್ದರು ಎಂಬುದನ್ನು ಅದೊಂದೇ ಹೇಳಬಲ್ಲದು.

ಈ ಎಲ್ಲವನ್ನೂ ಒಟ್ಟಿಗೆ ಇಟ್ಟುಕೊಂಡು ಈಗ ನಾನು ಕಂಪನಿಗೊಂದು ಹಾಳೆ ಮಾಡಿದ್ದೇನೆ. ಎಡಗಡೆ 1890ರ ನಾಮಾವಳಿಯ ಹೆಸರು, ಅದರ ಮುಂದೆ ಜೂನ್ 30ರ ಕಾರ್ಡಿನ ಮಾತು, ಅದರ ಮುಂದೆ ಜುಲೈ 2ಕ್ಕೂ 3ಕ್ಕೂ ಬೇರೆಬೇರೆ ಅಂಕಣ. ಈ ಕೊನೆಯ ಎರಡಕ್ಕೆ ದಿನಚರಿ, ಕಾಗದ ಅಥವಾ ಪಿಂಚಣಿ ಕಡತದ ಆಧಾರ ಇಲ್ಲದೆ ಏನನ್ನೂ ಬರೆಯುವುದಿಲ್ಲ. ಒಂದೇ ಆಕರಕ್ಕೆ ಹಣವೂ ಸಮಯವೂ ಇದೆ ಎನ್ನುವವರಿಗೆ ಸೇವಾ ದಾಖಲೆಯನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ. ಆದರೂ ಇ ಕಂಪನಿಯ ಹಾಳೆಯಲ್ಲಿ ಒಂದು ಹೆಸರಿನ ಮುಂದೆ ನಾನು ಮೊದಲು ತುಂಬಿದ್ದು ದಿನಚರಿಯ ಬಲದಿಂದ. ಐಸಾಕ್ ಟೇಲರ್ ಮತ್ತು ಪ್ಯಾಟ್ರಿಕ್ ಹೆನ್ರಿ ಟೇಲರ್ ಅಣ್ಣತಮ್ಮಂದಿರು, ಒಂದೇ ಕಂಪನಿಯವರು. ಐಸಾಕ್ ದಿನ ತಪ್ಪದೆ ದಿನಚರಿ ಬರೆದವನು. ಜುಲೈ 2ರ ಬರಹವೂ ಇದೆ. ಅದರ ಮುಂದಿನ ಸಾಲುಗಳ ಕೈಬರಹ ಬೇರೆ. ಆ ದಿನ ಮಡಿದ ಐಸಾಕ್‌ನನ್ನು ಮಣ್ಣು ಮಾಡಿ ಬಂದ ಪ್ಯಾಟ್ರಿಕ್ ಹೆನ್ರಿ ಅವರು ಆ ದಿನಚರಿಯನ್ನೇ ತೆಗೆದು, ಎಲ್ಲಿ ಹೂತೆವು ಎಂಬುದನ್ನು ಅದರಲ್ಲೇ ಬರೆದಿಟ್ಟಿದ್ದಾರೆ.