ಒಂದೇ ಕಡೆ ಹಲ್ಲು ಉದುರಿಸಿಕೊಂಡ ಸ್ಪರ್ ಗೇರ್: ಎರಡು ಸ್ಟಾರ್

ನನ್ನ 1/10 ನೈಟ್ರೋ ಟ್ರಕ್ಕಿನ (ನಿಜದ ಗಾಡಿಯ ಹತ್ತನೇ ಒಂದರಷ್ಟು ಅಳತೆಯ, ನೈಟ್ರೋ ಇಂಧನದ ರಿಮೋಟ್ ಗಾಡಿ) ಹಳೆಯ ಸ್ಪರ್ ಗೇರ್, ಅಂದರೆ ಇಂಜಿನ್ನಿನ ಓಟವನ್ನು ಚಕ್ರಗಳ ಕಡೆ ದಾಟಿಸುವ ದೊಡ್ಡ ಹಲ್ಲುಗಾಲಿ, ಸವೆದಿತ್ತು ಅಂತ ಆನ್‌ಲೈನಿನಲ್ಲಿ ಇದನ್ನು ತರಿಸಿದೆ. ಪ್ಲಾಸ್ಟಿಕ್ಕಿನದು, ಪ್ಯಾಕೆಟ್ಟಿಗೆ ಎರಡು, ಕಂಪನಿ ಗೇರಿನ ಅರ್ಧ ಬೆಲೆ.

ಮೊದಲನೆಯದು ಅರ್ಧ ಟ್ಯಾಂಕ್ ಫ್ಯೂಯಲ್ ಮುಗಿಯುವಷ್ಟರಲ್ಲಿ ಬೋಳಾಯಿತು. ಇಂಜಿನ್ ಕಿರುಚುತ್ತಿದೆ, ಗಾಡಿ ಮಾತ್ರ ನಿಂತಲ್ಲೇ! ಬಾಡಿ ತೆಗೆದರೆ ಚಾಸಿ ಮೇಲೆಲ್ಲ ಎಣ್ಣೆ ಮೆತ್ತಿದ ಕಪ್ಪು ಪುಡಿ.

ಅಂಗಡಿಯವರಿಗೆ ಬರೆದೆ. "ನೀವೇ ಮೆಶ್ ಸರಿಯಾಗಿ ಕೂರಿಸಿಲ್ಲ ಸರ್" ಅಂದರು. ಮೆಶ್ ಅಂದರೆ ಎರಡು ಗೇರಿನ ಹಲ್ಲುಗಳು ಒಂದಕ್ಕೊಂದು ಎಷ್ಟು ಬಿಗಿಯಾಗಿ ಕಚ್ಚಿಕೊಂಡಿವೆ ಅನ್ನೋದು. ನನಗೂ ಅದೇ ಅನುಮಾನ ಇತ್ತು ಅನ್ನಿ. ಇಂಜಿನ್ ಮೌಂಟಿನ ಸ್ಕ್ರೂ ಅದುರಿ ಸಡಿಲವಾದರೆ ಇಂಜಿನ್ ಹಿಂದೆ ಸರಿಯುತ್ತೆ, ಹಲ್ಲು ತುದಿಯಲ್ಲಷ್ಟೇ ಕಚ್ಚಿಕೊಳ್ಳುತ್ತೆ. ಆದರೆ ನನ್ನ ಸ್ಕ್ರೂಗಳು ಗಟ್ಟಿಯಾಗೇ ಇದ್ದವು, ನೀಲಿ ಥ್ರೆಡ್‌ಲಾಕ್ ಅಂಟು ಹಾಕಿದ್ದೆ. ಕ್ಲಚ್ ಬೆಲ್ (ಇಂಜಿನ್ ಕಡೆ ಇದ್ದು ಸ್ಪರನ್ನು ತಿರುಗಿಸುವ ಚಿಕ್ಕ ಹಲ್ಲಿನ ಭಾಗ) ಹಿಡಿದು ಅಲ್ಲಾಡಿಸಿದೆ, ಬೇರಿಂಗೂ ಚೆನ್ನಾಗಿತ್ತು. ಆಮೇಲೆ ಗೇರನ್ನೇ ಸರಿಯಾಗಿ ನೋಡಿದೆ. ಹಲ್ಲು ಹೋಗಿದ್ದು ಒಂದು ಕಡೆ ಮಾತ್ರ, ಎದುರುಗಡೆಯವು ಹೊಸದರ ಹಾಗೇ ಇದ್ದವು.

ಎರಡನೆಯದನ್ನು ಓಡಿಸುವ ಮೊದಲೇ ಪರೀಕ್ಷೆ ಮಾಡಿದೆ. ನೋಟ್‌ಬುಕ್ ಹಾಳೆಯ ಪಟ್ಟಿಯೊಂದನ್ನು ಬೆಲ್ಲಿಗೂ ಸ್ಪರಿಗೂ ನಡುವೆ ಇಟ್ಟು, ಇಂಜಿನ್ ಒತ್ತಿ ಹಿಡಿದು ಸ್ಕ್ರೂ ಬಿಗಿದೆ. ಗೇರ್ ತಿರುಗಿಸಿದರೆ ಕಾಗದ ಅಂಕುಡೊಂಕಾಗಿ ಮಡಚಿ, ಹರಿಯದೆ ಹೊರಗೆ ಬರಬೇಕು. ಬಂತು. ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿಬಿಡುತ್ತೇವೆ, ಅಲ್ವಾ? ಈ ಸಲ ಕಾಲು ಕಾಲು ಸುತ್ತು ತಿರುಗಿಸಿ ನೋಡಿದೆ. ಒಂದು ಕಡೆ ಲೊಡಲೊಡ, ಎದುರು ಕಡೆ ಕೈಯಲ್ಲಿ ತಿರುಗಿಸೋಕೇ ಕಷ್ಟ. ಹಳೆಯ ಗೇರ್ ವಾಪಸ್ ಹಾಕಿದೆ, ಸುತ್ತಲೂ ಒಂದೇ ಸಮ! ಅಂದರೆ ಶಾಫ್ಟ್ ಬಾಗಿಲ್ಲ, ಈ ಗೇರಿನ ತೂತೇ ನಡುಮಧ್ಯದಲ್ಲಿ ಇಲ್ಲ.

ಸ್ವಲ್ಪ ಓಲಾಟ ಎಲ್ಲ ಗೇರಲ್ಲೂ ಇರುತ್ತೆ. ಎಲ್ಲಿ ಅತಿ ಬಿಗಿಯೋ ಅಲ್ಲಿ ಮೆಶ್ ಕೂರಿಸಿದರೆ ಸಾಕು. ಇದರಲ್ಲಿ ಹಾಗೆ ಮಾಡಿದರೆ ಆಚೆ ಕಡೆ ಹಲ್ಲು ಜಾರುತ್ತೆ. ಸಡಿಲ ಕಡೆಗೆ ಕೂರಿಸಿದರೆ ಬಿಗಿ ಕಡೆ ಕುಂಯ್‌ಗುಟ್ಟಿ ಕ್ಲಚ್ ಬೇರಿಂಗ್ ತಿನ್ನುತ್ತೆ.

ಎರಡು ಸ್ಟಾರ್ ಯಾಕೆ ಅಂದರೆ, ಹಲ್ಲಿನ ಅಳತೆ ಹೇಳಿದಂತೆ 32 ಪಿಚ್ಚೇ (ವ್ಯಾಸದ ಒಂದು ಇಂಚಿಗೆ 32 ಹಲ್ಲು) ಇದೆ, ಪಾರ್ಸೆಲ್ಲೂ ಬೇಗ ಬಂತು. ದುಡ್ಡು ವಾಪಸ್ ಕೇಳಿದ್ದಕ್ಕೆ "ಗಾಡಿಗೆ ಹಾಕಿದ ಮಾಲು ತಗೊಳ್ಳಲ್ಲ" ಅಂದರು. ಗಾಡಿಗೆ ಹಾಕದೆ ಗೇರ್ ಓಲಾಡುತ್ತೆ ಅಂತ ಹೇಗೆ ಗೊತ್ತಾಗಬೇಕು ಸ್ವಾಮಿ?