ಷೆಡ್ಯೂಲರ್ ಕೋಡ್: ಒಂದೇ ದೊಡ್ಡ ಫಂಕ್ಷನ್ನಾ, ಚಿಕ್ಕ ಚಿಕ್ಕ ಸ್ಟ್ಯಾಟಿಕ್ ಫಂಕ್ಷನ್‌ಗಳಾ?

ನನ್ನ ಪುಟ್ಟ ಕರ್ನಲ್‌ಗೆ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಷೆಡ್ಯೂಲರ್ನ, ಅಂದ್ರೆ ಯಾವ ಟಾಸ್ಕ್ ಯಾವಾಗ ಓಡ್ಬೇಕು ಅಂತ ಆರಿಸೋ ಕೋಡ್‌ನ, ಮೂರು ಸಲ ಬರ್ದಿದೀನಿ, ಮೂರು ಸಲಾನೂ ಬೇರೆ ಬೇರೆ ಥರ. ಮೊದ್ಲೇ ಹೇಳ್ಬಿಡ್ತೀನಿ, ನನಗೆ ಹಿಡಿಸಿದ್ದು ಎರಡನೇದು: ಒಂದೇ ಫೈಲು, ಒಳಗೆ ಚಿಕ್ಕ ಚಿಕ್ಕ ಸ್ಟ್ಯಾಟಿಕ್ ಫಂಕ್ಷನ್‌ಗಳು (ಆ ಫೈಲಿನಾಚೆ ಕಾಣದವು), ಬೇಕಾದ್ದೆಲ್ಲ ಆರ್ಗ್ಯುಮೆಂಟಾಗಿ ಕೈಯಿಂದ ಕೈಗೆ. ಹಾಗಂತ ಜಾಸ್ತಿ ಕಾಟ ಕೊಟ್ಟಿದ್ದೂ ಅದೇ.

ಮೊದಲ್ನೇದು ಒಂದೇ ಉದ್ದ ಫಂಕ್ಷನ್. ಟಾಸ್ಕ್ ಪಟ್ಟಿ, ಈಗ ಓಡ್ತಿರೋ ಟಾಸ್ಕು, ಈಗಷ್ಟೇ ಇಳಿದ ಟಾಸ್ಕು ಅಂದ್ರೆ ಪ್ರೀವ್, ಎಲ್ಲಾ ಗ್ಲೋಬಲ್, ಅಂದ್ರೆ ಎಲ್ಲಾ ಕೋಡಿಗೂ ಸಿಗೋ ಒಂದೇ ಪ್ರತಿ. 1991ರ ಲಿನಕ್ಸ್ 0.01ರಲ್ಲೂ ಹೆಚ್ಚುಕಮ್ಮಿ ಹೀಗೇ, 64 ಟಾಸ್ಕ್‌ಗಳ ಅರೇ, ಅದ್ರ ಮೇಲೊಂದು ಲೂಪು. ಓದೋಕೆ ಸಲೀಸು, ಪ್ರೊಸೆಸರ್‌ನ ಒಂದು ಕೋರ್‌ಗೆ ಧಾರಾಳ ಸಾಕು. ಎರಡನೇ ಕೋರ್ ಆನ್ ಮಾಡಿದ ದಿನ ಕೆಟ್ಟೋಯ್ತು, ಎರಡೂ ಅದೇ ಗ್ಲೋಬಲ್‌ಗೆ ಬರೀತಿದ್ವು.

ಸರಿ ಅಂತ ಪ್ರೀವ್‌ನ ಲೋಕಲ್ ಮಾಡಿ ಕೋಡ್ ಒಡೆದೆ. ಮುಂದಿನ ಟಾಸ್ಕ್ ಆರಿಸೋಕೆ ಒಂದು ಫಂಕ್ಷನ್, ಒಂದು ಟಾಸ್ಕ್‌ನಿಂದ ಇನ್ನೊಂದಕ್ಕೆ ದಾಟೋ ಸ್ವಿಚ್‌ಗೆ ಒಂದು, ಸ್ವಿಚ್ ಆದ್ಮೇಲೆ ಹಳೇ ಟಾಸ್ಕ್‌ನ "ಓಡ್ತಿದೆ" ಫ್ಲ್ಯಾಗ್ ಇಳಿಸಿ ಲಾಕ್ (ಒಂದು ಸಲಕ್ಕೆ ಒಂದೇ ಕೋರ್ ಒಳಗೆ ಬರೋ ಹಾಗೆ ಮಾಡೋ ಬೀಗ) ಬಿಡೋಕೆ ಒಂದು. ನೋಡೋಕೆ ಚೊಕ್ಕ. ಬೂಟ್ ಆಗಿ ಸ್ವಲ್ಪ ಹೊತ್ತಿಗೇ ಸ್ಟ್ಯಾಕ್, ಅಂದ್ರೆ ಟಾಸ್ಕ್ ತನ್ನ ಲೆಕ್ಕ ಇಟ್ಕೊಳ್ಳೋ ಮೆಮೊರಿ, ಪೂರಾ ಕಲಸಿಹೋಗ್ತಿತ್ತು. ಒಂದು ವಾರ ಲಾಕ್ ಮೇಲೇ ಅನುಮಾನ ಪಟ್ಟೆ, ಕೊನೆಗೆ ಜಿಡಿಬಿ ಅನ್ನೋ ಡಿಬಗರ್ ಹಾಕಿ ನೋಡಿದ್ರೆ ಎರಡೂ ಕೋರ್ ಒಂದೇ ಟಾಸ್ಕ್‌ನ ಒಂದೇ ಸ್ಟ್ಯಾಕ್ ಮೇಲೆ ಓಡಿಸ್ತಿವೆ.

ಆಗಿದ್ದು ಇಷ್ಟು. ಲೋಕಲ್ ವೇರಿಯಬಲ್ ಇರೋದು ಸ್ಟ್ಯಾಕಲ್ಲಿ, ಇಲ್ಲಾ ಸ್ವಿಚ್ ಉಳಿಸಿಡೋ ರಿಜಿಸ್ಟರಲ್ಲಿ (ಪ್ರೊಸೆಸರ್ ಒಳಗಿನ ಪುಟ್ಟ ಜಾಗ), ಸ್ವಿಚ್ ಬದಲಾಯಿಸೋದೇ ಅವೆರಡನ್ನ. ಟಾಸ್ಕ್ 1 ಇಳಿದು 2 ಹತ್ತಿತು, ಆಮೇಲೆ 3, ಆಮೇಲೆ ಮತ್ತೆ 1. ಟಾಸ್ಕ್ 1 ಎದ್ದಾಗ ಅದ್ರ ಕೈಲಿರೋ ಪ್ರೀವ್ ಅದು ಮಲಗುವಾಗಿನದು, ಅಂದ್ರೆ 1 ತಾನೇ, ಆದ್ರೆ ಈಗಷ್ಟೇ ಇಳಿದಿದ್ದು 3. ನನ್ನ ಕೋಡು ಓಡ್ತಿರೋ ಟಾಸ್ಕ್‌ದೇ ಫ್ಲ್ಯಾಗ್ ಇಳಿಸಿಬಿಡ್ತಿತ್ತು, ಇನ್ನೊಂದು ಕೋರ್ ಇದು ಖಾಲಿ ಇದೆ ಅಂತ ಎತ್ಕೊಂಡು ಓಡಿಸ್ತಿತ್ತು. ಗ್ಲೋಬಲ್ ಇದ್ದಾಗ ಈ ಬಗ್ ಕಾಣದೇ ಇದ್ದಿದ್ದೂ ಅದಕ್ಕೇ, ಗ್ಲೋಬಲ್ ಸ್ಟ್ಯಾಕ್ ಜೊತೆ ಬದಲಾಗಲ್ಲ.

ಲಿನಕ್ಸ್‌ನಲ್ಲಿ ಸ್ವಿಚ್ ಮಾಡೋ ಮ್ಯಾಕ್ರೋಗೆ ಮೂರು ಆರ್ಗ್ಯುಮೆಂಟು, ಪ್ರೀವ್, ನೆಕ್ಸ್ಟ್, ಮತ್ತೆ ಪ್ರೀವ್. ಆ ಮೂರನೇದನ್ನ ಎಷ್ಟು ಸಲ ಓದಿ ದಾಟ್ಕೊಂಡು ಹೋಗಿದ್ನೋ, ನಿಜವಾದ ಪ್ರೀವ್ ವಾಪಸ್ ಬಂದು ಕೂರೋ ಜಾಗ ಅದು! ರಿಸ್ಕ್-ಫೈವ್ ಪ್ರೊಸೆಸರ್‌ನಲ್ಲಂತೂ ಸುಲಭ: ಮೊದಲ ಆರ್ಗ್ಯುಮೆಂಟೂ ರಿಟರ್ನ್ ವ್ಯಾಲ್ಯೂನೂ ಒಂದೇ ಎ0 ರಿಜಿಸ್ಟರಲ್ಲಿ, ಸ್ವಿಚ್ ಕೋಡು ಅದನ್ನ ಮುಟ್ಟದಿದ್ರೆ ಪ್ರೀವ್ ತಾನಾಗೇ ಈಚೆ ದಡಕ್ಕೆ ಬರತ್ತೆ. ನಾನು ಬದಲಾಯಿಸಿದ್ದು ಒಂದೇ ಸಾಲು, ಸ್ವಿಚ್ ವಾಪಸ್ ಕೊಟ್ಟಿದ್ದನ್ನ ಪ್ರೀವ್‌ಗೆ ಹಾಕ್ಕೊಂಡೆ.

ಚಿಕ್ಕ ಫಂಕ್ಷನ್‌ಗಳೇ ಬೇಕು ಅಂತ ನಾನು ಪಟ್ಟು ಹಿಡಿಯೋದು ಹೊಸ ಟಾಸ್ಕ್‌ಗಾಗಿ. ಅದು ಮೊದಲ ಸಲ ಓಡುವಾಗ ಸ್ವಿಚ್‌ನ ಮುಂದಿನ ಸಾಲಿಗೆ ಬರೋದೇ ಇಲ್ಲ, ಯಾವತ್ತೂ ಷೆಡ್ಯೂಲ್ ಒಳಗೆ ಹೋಗಿದ್ರೆ ತಾನೇ ಈಚೆ ಬರೋಕೆ, ಆದ್ರೆ ಹಿಂದಿನವನು ಹಿಡಿದ ಲಾಕ್‌ನ ಬಿಡ್ಬೇಕಾಗಿರೋದು ಅದೇ. ಎಕ್ಸ್‌ವಿ6 ಅನ್ನೋ ಕಲಿಕೆಯ ಕರ್ನಲ್‌ನಲ್ಲಿ ಫೋರ್ಕ್‌ರೆಟ್, ಲಿನಕ್ಸ್‌ನಲ್ಲಿ ಷೆಡ್ಯೂಲ್ ಟೇಲ್ ಇರೋದು ಇದಕ್ಕೇ. ಮುಗಿಸೋ ಕೆಲಸ ಬೇರೆ ಫಂಕ್ಷನ್ ಆಗಿದ್ರೆ ಹೊಸ ಟಾಸ್ಕೂ ಅದನ್ನೇ ಕರೀಬಹುದು, ಉದ್ದ ಫಂಕ್ಷನ್‌ಗೆ ನಡುವಿಂದ ನುಗ್ಗೋಕಾಗಲ್ಲ.

ಮೂರನೇದು ಫಂಕ್ಷನ್ ಪಾಯಿಂಟರ್‌ಗಳ ಟೇಬಲ್, ಲಿನಕ್ಸ್ 2007ರಲ್ಲಿ 2.6.23ಕ್ಕೆ ತಂದ ಷೆಡ್ ಕ್ಲಾಸ್ ಥರ. ನಾಲ್ಕೈದು ಪಾಲಿಸಿ (ಟಾಸ್ಕ್ ಆರಿಸೋ ನಿಯಮ) ಇದ್ರೆ ಸರಿ, ನಂದಿರೋದು ಸರದಿ ಪ್ರಕಾರ ಓಡಿಸೋ ರೌಂಡ್ ರಾಬಿನ್ ಒಂದೇ. ಲಿನಕ್ಸ್‌ನಲ್ಲೂ ಎಲ್ಲಾ ಮಾಮೂಲಿ ಟಾಸ್ಕ್‌ಗಳೇ ಇದ್ರೆ ಟೇಬಲ್ ಬಿಟ್ಟು ನೇರ ಕರೆಯೋ ಒಳದಾರಿ ಇಟ್ಟಿದಾರೆ.

ನನಗೆ ಸಿಗೋದು ರಾತ್ರಿ ಒಂದು ಗಂಟೆ, ಅಷ್ಟರಲ್ಲಿ ಒಂದು ಫಂಕ್ಷನ್ ಓದಿ ಮುಗಿಸ್ಬೇಕು, ಸ್ಕ್ರೀನ್ ದಾಟಿದ್ರೆ ಎಳೆ ತಪ್ಪತ್ತೆ. ಅದಕ್ಕೇ ಎರಡನೇದಕ್ಕೇ ನಿಂತೆ. ಗ್ಲೋಬಲ್ ಅಂತ ಉಳಿದಿರೋದು ಕೋರ್‌ಗೊಂದರಂತೆ ರನ್‌ಕ್ಯೂ (ಓಡೋಕೆ ಕಾಯೋ ಟಾಸ್ಕ್‌ಗಳ ಸಾಲು) ಇರೋ ಅರೇ ಮಾತ್ರ, ಅದೂ ಸ್ಟ್ಯಾಟಿಕ್.