ವಿದ್ಯಾನಗರದ ಸ್ಯಾಂಪಲ್ ಸೆಂಟರ್: ರಕ್ತ ತೆಗೆಯುವ ಕೈ ಚಲೋ, ಕಳಿಸುವ ವ್ಯವಸ್ಥೆ ಅಲ್ಲ

ಬೆಟಗೇರಿಯಲ್ಲಿ ನಲವತ್ತು ವರ್ಷ ಮಗ್ಗ ನಡೆಸಿದ ನಮ್ಮ ಅಪ್ಪನಿಗೆ ಹೋದ ವರ್ಷ ಕಿಡ್ನಿ ಕಸಿ ಆಗಿದೆ. ಕಸಿ ಕಿಡ್ನಿಯನ್ನು ಮೈ ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿ ತಗ್ಗಿಸುವ ಟ್ಯಾಕ್ರೋಲಿಮಸ್ ಗುಳಿಗೆ ದಿನಾ ಎರಡು ಹೊತ್ತು. ದೀಪಾವಳಿ ಮುಂದೆ ಒಣಕೆಮ್ಮು ಹಿಡಿಯಿತು. ಕೂತಾಗ ಆಕ್ಸಿಜನ್ 95, ಬಚ್ಚಲಿಗೆ ಹೋಗಿಬಂದರೆ 87. ಹುಬ್ಬಳ್ಳಿಗೆ ತಂದು ಅಡ್ಮಿಟ್ ಮಾಡಿದೆವು. ಸಿಟಿ ಸ್ಕ್ಯಾನಿನಲ್ಲಿ ಎರಡೂ ಪುಪ್ಪುಸಕ್ಕೆ ಮಂಜು ಕವಿದ ಹಾಗೆ ಕಂಡಿತು. ಶಿಲೀಂಧ್ರದ ನ್ಯುಮೋನಿಯಾ ಇದ್ದೀತು, ಆದರೆ ಇಷ್ಟು ಉಸಿರು ಕಟ್ಟುವಾಗ ಬ್ರಾಂಕೋಸ್ಕೋಪಿ ನಳಿಗೆ ಇಳಿಸುವುದು ಬೇಡ, ಮೊದಲು ರಕ್ತ, ಕಫ ನೋಡೋಣ ಅಂದರು ಡಾಕ್ಟರ್. ರಕ್ತಕ್ಕೆ ಈ ಸೆಂಟರಿಗೆ ಚೀಟಿ ಕೊಟ್ಟರು.

ವಾರ್ಡಿಗೆ ಬಂದ ಹುಡುಗ ಸೂಜಿ ಚುಚ್ಚುವ ಮೊದಲೇ ಕೇಳಿದ: "ಅಜ್ಜಾರಿಗೆ ಈಗ ಡಯಾಲಿಸಿಸ್ ನಡದೈತೇನ್ರಿ? ಅಲ್ಬುಮಿನ್, ಇಮ್ಯುನೊಗ್ಲಾಬ್ಯುಲಿನ್ ಬಾಟ್ಲಿ ಏರಿಸ್ಯಾರೇನ್ರಿ?" ಏರಿಸಿದ್ದರೆ ರಕ್ತದಲ್ಲಿ ಶಿಲೀಂಧ್ರದ ಗೋಡೆಯ ಅಂಶ ಹುಡುಕುವ ಬೀಟಾ-ಡಿ-ಗ್ಲುಕಾನ್ ಪರೀಕ್ಷೆ ಸುಳ್ಳೇ ಪಾಸಿಟಿವ್ ಬರಬಹುದಂತೆ. ಹೊಸ ಟ್ಯೂಬ್ ನಮ್ಮೆದುರೇ ಒಡೆದ. ಅದರ ಬಾಯಿಗೆ ಹತ್ತಿ ತಾಗಗೊಡಲಿಲ್ಲ. "ಹತ್ತಿಯಿಂದಾನೂ ಗ್ಲುಕಾನ್ ಸೇರ್ತೈತ್ರಿ" ಅಂದ. ಜನ್ಮವೆಲ್ಲ ನೂಲಿನ ನಡುವೆ ಕಳೆದ ಅಪ್ಪ, ಮೊಣಕೈ ಸಂದಿಯಲ್ಲಿದ್ದ ಆ ಹತ್ತಿ ಉಂಡೆ ತೆಗೆದು ಬೆರಳಲ್ಲಿ ಹಿಂಜಿ ಹಿಂಜಿ ನೋಡಿದ.

ಕಫವನ್ನು ಶೇ 3ರ ಉಪ್ಪುನೀರಿನ ನೆಬುಲೈಜರ್ ಹಚ್ಚಿ ಆಸ್ಪತ್ರೆಯವರೇ ತೆಗೆದರು.

ಸಿಟ್ಟು ಬಂದದ್ದು ಆಮೇಲೆ. ಶನಿವಾರ ಸಂಜೆ ತೆಗೆದ ರಕ್ತ ಬೆಂಗಳೂರಿಗೆ ಹೊರಟದ್ದು ಸೋಮವಾರ ರಾತ್ರಿ. "ಎರಡು ದಿನದಾಗ ರಿಪೋರ್ಟ್" ಅಂದಿದ್ದರು, ಕೈಗೆ ಬಂದದ್ದು ಗುರುವಾರ. ಎರಡು ಪರೀಕ್ಷೆಗೆ ಹತ್ತು ಸಾವಿರದ ಮೇಲೆ ರೊಕ್ಕ ಕಟ್ಟಿಸಿಕೊಂಡವರಿಗೆ, ರವಿವಾರ ಗಾಡಿ ಇಲ್ಲ ಅಂತ ಒಂದು ಮಾತು ಹೇಳಲು ಆಗಲಿಲ್ಲವೇ? ಡಾಕ್ಟರ್ ಕಾಯದೆ ಶನಿವಾರ ರಾತ್ರಿಯೇ, ನ್ಯೂಮೋಸಿಸ್ಟಿಸ್ ಎಂಬ ಶಿಲೀಂಧ್ರದ ನ್ಯುಮೋನಿಯಾಕ್ಕೆ ಕೊಡುವ ಕೋಟ್ರಿಮಾಕ್ಸಜೋಲ್ ಔಷಧಿ ಶುರು ಮಾಡಿದ್ದರು, ಪುಣ್ಯ.

ರಿಪೋರ್ಟಿನ ಹಾಳೆ ಮಾತ್ರ ಸ್ವಚ್ಛ. ಗ್ಲುಕಾನ್ ಮಿಲಿಲೀಟರಿಗೆ 80 ಪಿಕೊಗ್ರಾಂ ಮುಟ್ಟಿದರೆ ಪಾಸಿಟಿವ್, ಅಪ್ಪನದು 500ಕ್ಕೂ ಹೆಚ್ಚು. ಆಸ್ಪರ್ಜಿಲಸ್ ಎಂಬ ಇನ್ನೊಂದು ಶಿಲೀಂಧ್ರ ಹಿಡಿಯುವ ಗ್ಯಾಲಕ್ಟೊಮ್ಯಾನನ್ ಪರೀಕ್ಷೆ 0.2, ಅಂದರೆ 0.5ರ ಗೆರೆಯೊಳಗೆ. ಅಷ್ಟರಲ್ಲಿ ಕಫದ ಪಿಸಿಆರ್ ನ್ಯೂಮೋಸಿಸ್ಟಿಸ್ ಅಂದಿತ್ತು, ಎರಡಕ್ಕೂ ತಾಳೆ ಆಯಿತು. ಒಂದು ಕೊರತೆ: 2021ರಲ್ಲಿ ನಮ್ಮನ್ನೆಲ್ಲ ಹೆದರಿಸಿದ ಕಪ್ಪು ಶಿಲೀಂಧ್ರ, ಮ್ಯುಕರ್, ಈ ಎರಡೂ ಪರೀಕ್ಷೆಗೆ ಸಿಗುವುದಿಲ್ಲ. ನನಗೆ ಡಾಕ್ಟರ್ ಹೇಳಿದರು. ನೆಗೆಟಿವ್ ನೋಡಿ ಮನೆಯವರು ನಿರಾಳ ಆಗಿಬಿಡಬಾರದು, ಹಾಳೆಯಲ್ಲೇ ಆ ಸಾಲು ಇರಬೇಕು.

ಮತ್ತೆ ಬೇಕಾದರೆ ಇಲ್ಲೇ ಕೊಡುತ್ತೇನೆ, ಅದೇ ಹುಡುಗನನ್ನೇ ಕೇಳುತ್ತೇನೆ. ಆದರೆ ಗಾಡಿ ಯಾವ ದಿನ, ಎಷ್ಟು ಗಂಟೆಗೆ ಹೊರಡುತ್ತದೆ ಅಂತ ರಸೀದಿ ಮೇಲೆ ಬರೆಸಿಕೊಂಡೇ ರೊಕ್ಕ ಕೊಡುವುದು.